ಬಿಸಿಲೇ ಬಾರದ ಮನೆಯಲ್ಲಿ ತುಳಸಿ: ನಿಮ್ಮ ಅನುಭವ ಹೇಳಿ

ಬೆಂಗಳೂರಲ್ಲಿ ಮೊದಲ ಮಹಡಿ. ಉತ್ತರಕ್ಕೆ ಒಂದೇ ಕಿಟಕಿ, ಆರಡಿ ಆಚೆ ಪಕ್ಕದ ಕಟ್ಟಡದ ಗೋಡೆ. ಮೂರನೇ ತುಳಸಿಯೂ ಹೋಗ್ತಿದೆ. ಗಿಡ ಬೆಳೆಸೋಕೆ ಅಂತ ಬರೋ ಲೈಟ್ ಹಾಕಿದರೆ ಉಳಿಯುತ್ತಾ?

ಜಯನಗರದಿಂದ:
ನಾನು ಹಾಕಿ ಎರಡು ವರ್ಷ ಆಯ್ತು. ಮೊದಲು ನೇರಳೆ ಬಣ್ಣದ್ದು ತಂದೆ, 1,800 ರೂಪಾಯಿ. ಆ ಬೆಳಕಲ್ಲಿ ಎಲೆ ಹಳದಿ ತಿರುಗಿದ್ದೂ ಕಾಣಲಿಲ್ಲ. ಮೂರಡಿ ಮೇಲೆ ಕಟ್ಟಿದ್ದೆ, ಅದೇ ತಪ್ಪು. ಈಗ ಬಿಳಿ ಎಲ್‌ಇಡಿ, 40 ವ್ಯಾಟ್, ಕುಡಿಯಿಂದ ಒಂದೇ ಅಡಿ, ದಿನಕ್ಕೆ 12 ಗಂಟೆ. ತಿಂಗಳಿಗೆ 14.4 ಯೂನಿಟ್. ಸ್ಟ್ಯಾಂಡಿಗೆ 650, ಟೈಮರಿಗೆ 400, ಸುಟ್ಟುಹೋದ ಅಡಾಪ್ಟರಿಗೆ ಇನ್ನೊಂದು 350. ಈ ಸಲ ತೆನೆ ಬಿಟ್ಟಿದೆ.

ಧಾರವಾಡದಿಂದ:
ಇಷ್ಟು ರೊಕ್ಕ ಯಾಕ ಸುಡ್ತೀರಿ? ನವರಾತ್ರ್ಯಾಗ ನಾವು ಘಟ್ಟ ಹಾಕ್ತೇವಿ, ಅಂದ್ರ ಘಟದ ಸುತ್ತ ಮಣ್ಣಾಗ ಕಾಳು ಬಿತ್ತತೇವಿ. ದೇವರ ಮನಿ ಕತ್ತಲಾಗ ಜ್ವಾಳ, ಗೋಧಿ ಒಂಬತ್ತು ದಿನದಾಗ ಗೇಣುದ್ದ ಬರ್ತಾವ, ಬಂಗಾರದ ಬಣ್ಣ!

ಚಿಕ್ಕಮಗಳೂರು ಕಡೆಯವಳು:
ಅದು ಬೀಜದ ಬುತ್ತಿ ತಿಂದು ಬೆಳಕು ಹುಡುಕಿಕೊಂಡು ಓಡಿದ್ದು ರೀ. ಹಸಿರೇ ಇಲ್ಲದೆ ಅನ್ನ ಮಾಡ್ಕೊಳ್ಳೋದು ಹೇಗೆ? ಬುತ್ತಿ ಮುಗಿದ ಮೇಲೆ ಮಲಗುತ್ತೆ. ನಾನೂ 'ನೆರಳಿನ ಗಿಡ' ಅಂತ ಊರಿಂದ ಏಲಕ್ಕಿ ತಂದು ಹಾಲ್‌ನ ಮೂಲೆಗಿಟ್ಟೆ. ಒಂದೊಂದೇ ಎಲೆ ಸುರುಟಿಕೊಂಡು ನಾಲ್ಕು ತಿಂಗಳಲ್ಲಿ ಹೋಯ್ತು. ತೋಟದ ನೆರಳಲ್ಲಿ ಸಿಲ್ವರ್ ಓಕ್ ಮರಗಳ ಸಂದಿಯಿಂದ ಬಿಸಿಲಿನ ಚುಕ್ಕೆ ಓಡಾಡ್ತಾನೇ ಇರುತ್ತೆ. ಗೋಡೆ ಮೂಲೆಗೆ ಅದೆಲ್ಲಿ?

ಧಾರವಾಡದಿಂದ:
ಅಕ್ಕಾರ, ಘಟ್ಟದ ಸಸಿ ದಸರಾಕ್ಕ ಟೊಪ್ಪಿಗೀಗೆ ಸಿಗಿಸ್ಕೋತೇವಿ, ಮಲಗೂತನಾ ಯಾರು ಇಡ್ತಾರ? ನಮ್ಮವ್ವ ಹಾಕೋ ಘಟ್ಟಕ್ಕ ಓಟ ಗೀಟ ಅನಬ್ಯಾಡ್ರಿ.

ಮೈಸೂರಿಂದ:
ಜಗಳ ಬಿಡಿ, ನೀರಿನ ಮಾತು ಯಾರೂ ಎತ್ತಲೇ ಇಲ್ಲ. 950 ಕೊಟ್ಟು ಜೀಜೀ ಪ್ಲಾಂಟ್ (ZZ, ಮನೆಯೊಳಗಿಡೋ ಗೆಡ್ಡೆ ಗಿಡ) ತಂದೆ, ಕತ್ತಲಲ್ಲೂ ಬದುಕುತ್ತೆ ಅಂದ್ರು. ದಿನಾ ಒಂದು ಲೋಟ ನೀರು ಹಾಕಿದೆ. ಬೆಳಕು ಕಮ್ಮಿ ಇದ್ರೆ ಗಿಡ ಕುಡಿಯೋದೂ ಕಮ್ಮಿ, ಅದು ಗೊತ್ತಿರಲಿಲ್ಲ. ಕಾಂಡ ಎಳೆದರೆ ಕೈಗೇ ಬಂತು. ಗೆಡ್ಡೆ ಕೊಳೆತ ಆಲೂಗಡ್ಡೆ ಹಾಗೆ ಬೆರಳ ಸಂದಿಯಲ್ಲಿ ಜಾರಿತು, ಆ ವಾಸನೆ ಎರಡು ದಿನ ಹೋಗಲಿಲ್ಲ. ಈಗ ಮಣ್ಣಿಗೆ ಎರಡು ಗೆಣ್ಣು ಬೆರಳಿಟ್ಟು, ಒಣಗಿದ್ರೆ ಮಾತ್ರ ನೀರು. ಅಂದಹಾಗೆ ಕರೆಂಟ್ ಬೆಳಕಿನ ತುಳಸಿ ಪೂಜೆಗೆ ಬರುತ್ತಾ?

ಜಯನಗರದಿಂದ:
ಯಾಕೆ ಬರಲ್ಲ? ಎರಡು ವರ್ಷ ಕುಡಿ ಚಿವುಟಿ, ಎಲೆ ಒರೆಸಿ ಸಾಕಿದ ಗಿಡ ಅದು. ಇವತ್ತು ಬೆಳಿಗ್ಗೆಯೂ ಅದಕ್ಕೇ ಕುಂಕುಮ ಇಟ್ಟು ಬಂದೆ.