ಅಪ್ಪಯ್ಯನ ಹಲ್ಲು ಸಡಿಲವಾಗಿದ್ದು ಯಂತ್ರದಿಂದಲೇ?

ಸಾಗರದ ಮಗಳು
ಅಪ್ಪಯ್ಯನಿಗೆ 68 ವರ್ಷ. ನಲವತ್ತು ವರ್ಷಗಳಿಂದ ಕವಳ (ಎಲೆ ಅಡಿಕೆ) ಹಾಕುತ್ತಾರೆ, ಸಕ್ಕರೆ ಕಾಯಿಲೆಯೂ ಇದೆ. ವಸಡಿನಲ್ಲಿ ರಕ್ತ ಬರುತ್ತಿದೆಯೆಂದು ಕಳೆದ ತಿಂಗಳು ನಾನೇ ಒತ್ತಾಯ ಮಾಡಿ ದಂತ ವೈದ್ಯರ ಬಳಿ ಕರೆದುಕೊಂಡು ಹೋದೆ. ಅಲ್ಟ್ರಾಸಾನಿಕ್ ಸ್ಕೇಲರ್ ಎಂಬ ಯಂತ್ರದಿಂದ ಇಪ್ಪತ್ತು ನಿಮಿಷದಲ್ಲಿ ಪಾಚಿ ತೆಗೆದು ಕಳಿಸಿದರು. ಮನೆಗೆ ಬಂದು ಕನ್ನಡಿ ನೋಡಿಕೊಂಡರೆ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಸಂದಿ! ಎರಡು ಹಲ್ಲು ಅಲ್ಲಾಡುತ್ತಿವೆ, ತಣ್ಣೀರು ತಗುಲಿದರೆ ಜುಮ್ಮೆನ್ನುತ್ತದೆ. "ಗಟ್ಟಿಯಿದ್ದ ಹಲ್ಲನ್ನು ಯಂತ್ರ ಹಾಕಿಸಿ ಕೆಡಿಸಿದೆ" ಎಂದು ನನ್ನೊಡನೆ ಮಾತು ಬಿಟ್ಟಿದ್ದಾರೆ. ಇನ್ನೊಮ್ಮೆ ಬರಲು ಹೇಳಿದ್ದರು, ಹೊರಡಲು ಒಪ್ಪುತ್ತಿಲ್ಲ. ತಿಳಿದವರು ಹೇಳಿ, ತಪ್ಪು ಯಂತ್ರದ್ದೇ?

ದಾವಣಗೆರೆಯ ದಂತ ವೈದ್ಯೆ
ನಿಮ್ಮ ತಂದೆಯವರ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಮೆತ್ತಗಿನ ಪಾಚಿಗೆ ಎಂಜಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಕಲ್ಲಾಗುತ್ತದೆ, ಬಿಸಿನೀರಿನ ಹಂಡೆಯೊಳಗೆ ಬಿಳಿ ಪದರ ಕಟ್ಟುವ ಹಾಗೆ. ನಾಲಿಗೆಯ ಕೆಳಗೆ ಎಂಜಲಿನ ಗ್ರಂಥಿಗಳ ಬಾಯಿ ತೆರೆದುಕೊಳ್ಳುವುದರಿಂದ ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ ಅದು ಬಹಳ ಬೇಗ ಬೆಳೆಯುತ್ತದೆ. ಕ್ರಮೇಣ ವಸಡು ಬಾತು ಕೆಳಗೆ ಸರಿಯುತ್ತದೆ, ಹಲ್ಲನ್ನು ಹಿಡಿದಿರುವ ಮೂಳೆ ಕರಗುತ್ತದೆ. ಸಕ್ಕರೆ ಹತೋಟಿಯಲ್ಲಿ ಇಲ್ಲದವರಲ್ಲಿ ಇದು ಇನ್ನೂ ಬೇಗ. ಇಷ್ಟಾದರೂ ಹಲ್ಲು ನಿಂತಿರುತ್ತದೆ, ಏಕೆಂದರೆ ಸಂದಿಗಳಲ್ಲಿ ತುಂಬಿದ ಕಲ್ಲು ನಾಲ್ಕೈದು ಹಲ್ಲುಗಳನ್ನು ಗಾರೆಯಂತೆ ಒಟ್ಟಿಗೆ ಕಟ್ಟಿ ಹಾಕಿರುತ್ತದೆ. ಆ ಗಾರೆ ಹೋದ ದಿನ, ಎಷ್ಟೋ ವರ್ಷಗಳ ಹಿಂದೆಯೇ ಆಗಿದ್ದ ಹಾನಿ ಕಣ್ಣಿಗೆ ಬೀಳುತ್ತದೆ. ಜುಮ್ಮೆನ್ನುವುದು ಬೇರು ಹೊರಗೆ ಕಾಣುತ್ತಿರುವುದರಿಂದ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಗ್ಗುತ್ತದೆ.

ಜಯನಗರದ ಓದುಗ
ವಿವರಣೆಗೆ ಧನ್ಯವಾದ ಡಾಕ್ಟರೇ. ಆದರೆ ಈ ಮಾತನ್ನು ಕುರ್ಚಿಯಲ್ಲಿ ಮಲಗಿಸುವ ಮೊದಲೇ ಏಕೆ ಹೇಳಲಿಲ್ಲ? ಎಕ್ಸ್‌ರೇ ತೆಗೆದು, ಮೂಳೆ ಇಷ್ಟು ಹೋಗಿದೆ, ಪಾಚಿ ತೆಗೆದರೆ ಸಂದಿ ಕಾಣುತ್ತದೆ ಎಂದಿದ್ದರೆ ಆ ಹಿರಿಯರು ಮಗಳ ಮೇಲೆ ಸಿಟ್ಟಾಗುತ್ತಿರಲಿಲ್ಲ. ನನಗೂ ಹೀಗೇ ಆಯಿತು. ಒಂದು ಕ್ಲಿನಿಕ್ಕಿನಲ್ಲಿ ಹುಡುಗನೊಬ್ಬ ಯಂತ್ರದ ಮೊನೆಯನ್ನು ಹಲ್ಲಿಗೆ ನೆಟ್ಟಗೆ ಒತ್ತಿ ಹಿಡಿದು ಉಜ್ಜಿದ. ನೀರು ಸರಿಯಾಗಿ ಬರುತ್ತಿರಲಿಲ್ಲ, ಹಲ್ಲು ಬಿಸಿಯಾಗಿ ಜೀವ ಹೋದಂತಾಯಿತು. ಕೈ ಎತ್ತಿದರೂ ನಿಲ್ಲಿಸಲಿಲ್ಲ. ಮುಗಿದ ಮೇಲೆ "ಆರು ತಿಂಗಳಿಗೊಮ್ಮೆ ಬನ್ನಿ" ಎಂದರು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ಪರಿಶೀಲನೆಯ ಪ್ರಕಾರ, ತೀವ್ರ ವಸಡುರೋಗ ಇಲ್ಲದ ವಯಸ್ಕರಿಗೆ ಎರಡು ಮೂರು ವರ್ಷ ಕಾಲ ಆರು ತಿಂಗಳಿಗೊಮ್ಮೆ ಸ್ಕೇಲಿಂಗ್ ಮಾಡಿದರೂ, ನಿಗದಿಯಾಗಿ ಮಾಡದಿದ್ದರೂ ವಸಡಿನ ಸ್ಥಿತಿಯಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಹಾಗಿದ್ದರೆ ಎಲ್ಲರನ್ನೂ ಏಕೆ ಕರೆಯುತ್ತೀರಿ?

ದಾವಣಗೆರೆಯ ದಂತ ವೈದ್ಯೆ
ಮೊದಲೇ ಹೇಳಬೇಕಿತ್ತು ಎನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ನಿಮಗೆ ಆದದ್ದು ತಪ್ಪು ಚಿಕಿತ್ಸೆ, ಅದನ್ನು ನಾನು ಸಮರ್ಥಿಸುವುದಿಲ್ಲ. ಈ ಮೊನೆ ಸೆಕೆಂಡಿಗೆ 25,000 ಬಾರಿ, ಕೆಲವು ಯಂತ್ರಗಳಲ್ಲಿ ಅದಕ್ಕೂ ಹೆಚ್ಚು ಸಲ ಕಂಪಿಸುತ್ತದೆ. ಅದರ ಬದಿಯನ್ನು ಹಲ್ಲಿನ ಮೈಗೆ ಒರಗಿಸಿದಂತೆ ಹಿಡಿದು, ಒತ್ತದೆ, ಸರಿಸುತ್ತಲೇ ಇರಬೇಕು. ತುದಿಯನ್ನೇ ನೆಟ್ಟರೆ ಬೇರಿನ ಮೇಲೆ ಗೀರು ಬೀಳುತ್ತದೆ. ನೀರು ಬಾಯಿ ತೊಳೆಯಲಿಕ್ಕಷ್ಟೇ ಇದೆ ಎಂದುಕೊಳ್ಳಬೇಡಿ; ಬಿಸಿಯನ್ನು ಇಳಿಸುವುದು ಅದೇ, ನೀರಿನಲ್ಲಿ ಏಳುವ ಸಣ್ಣ ಗುಳ್ಳೆಗಳು ಒಡೆದು ಪಾಚಿಯನ್ನು ಕದಲಿಸುವುದೂ ಉಂಟು. ಮೊನೆ ಸವೆದಿದ್ದರಂತೂ ಕೆಲಸವೇ ಆಗುವುದಿಲ್ಲ. ಒಂದು ಮಿಲಿಮೀಟರ್ ಸವೆದರೆ ಸುಮಾರು ಕಾಲುಭಾಗ ಶಕ್ತಿ ಹೋಯಿತು ಎಂಬುದು ನಮ್ಮಲ್ಲಿ ರೂಢಿಯ ಲೆಕ್ಕ. ಹೊಸ ಮೊನೆಗೆ ಹಣ ಹಾಕದೆ ಕೈಬಲ ಹಾಕುವವರಿದ್ದಾರೆ, ಅದು ನನಗೂ ನೋವಿನ ವಿಷಯ.

ನೀವು ಹೇಳಿದ ಪರಿಶೀಲನೆಯನ್ನು ನಾನೂ ಓದಿದ್ದೇನೆ. ಅದು ತೀವ್ರ ವಸಡುರೋಗ ಇಲ್ಲದವರ ಕುರಿತದ್ದು. ಮೂಳೆ ಕರಗಿರುವ, ಕವಳ ಹಾಕುವ, ಸಕ್ಕರೆ ಕಾಯಿಲೆಯ ಹಿರಿಯರಿಗೆ ಅದನ್ನು ಅನ್ವಯಿಸಿದರೆ ಅವರ ಹಲ್ಲು ಕಳೆದಂತೆ. ಅವರಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಬೇಕಾಗಬಹುದು, ನಿಮಗೆ ಬೇಡದಿರಬಹುದು. ಎಲ್ಲರಿಗೂ ಒಂದೇ ಆರು ತಿಂಗಳ ಲೆಕ್ಕ ನನಗೂ ಒಪ್ಪಿಗೆಯಿಲ್ಲ.

ಮೈಸೂರಿನ ನಿವೃತ್ತ ದಂತ ವೈದ್ಯ
ನಾವು ಕಲಿತ ಕಾಲದಲ್ಲಿ ಬರೀ ಕೈ ಉಪಕರಣ. ಬೇರನ್ನು ಕೆರೆಯುವ ಕ್ಯುರೆಟ್ ಎಂಬ ಉಪಕರಣ ಹಿಡಿದಾಗ ವಸಡಿನ ಒಳಗೆ, ಕಣ್ಣಿಗೆ ಕಾಣದ ಕಡೆ, ಬೇರು ಎಲ್ಲಿ ಒರಟು, ಎಲ್ಲಿ ನುಣುಪು ಎಂದು ಬೆರಳೇ ಹೇಳುತ್ತಿತ್ತು. ಯಂತ್ರ ಹಿಡಿದ ಕೈಗೆ ಆ ಸ್ಪರ್ಶ ಅಷ್ಟಾಗಿ ಸಿಗದು. ಈಗಿನ ಹುಡುಗರು ಕ್ಯುರೆಟ್ಟಿಗೆ ಸಾಣೆ ಹಿಡಿಯಲು ಬಾರದೆ ಹೊರಬರುತ್ತಿದ್ದಾರೆ, ಇದು ನನಗೆ ನಿಜವಾದ ಚಿಂತೆ. ಇನ್ನೊಂದು ವಿಷಯ, ತುಂತುರು. ಕೊರೊನಾ ಬಂದ 2020ರಲ್ಲಿ ಈ ಯಂತ್ರಗಳನ್ನೇ ಮೊದಲು ಬದಿಗಿಟ್ಟದ್ದು, ಏಕೆಂದರೆ ರಕ್ತ, ಎಂಜಲು ಬೆರೆತ ಮಂಜನ್ನು ಕೋಣೆಯ ತುಂಬ ಹರಡುತ್ತವೆ.

ದಾವಣಗೆರೆಯ ದಂತ ವೈದ್ಯೆ
ಸರ್, ಆ ವರ್ಷ ನಾನೂ ಕೈ ಉಪಕರಣಕ್ಕೇ ಮರಳಿದ್ದೆ. ಒಬ್ಬ ರೋಗಿಗೆ ಒಂದೂವರೆ ಗಂಟೆ ಹಿಡಿಯುತ್ತಿತ್ತು, ಸಂಜೆಗೆ ಮಣಿಕಟ್ಟು ಎತ್ತಲಾಗುತ್ತಿರಲಿಲ್ಲ. ವಸಡು ಗುಣವಾಗುವುದರಲ್ಲಿ ಎರಡೂ ವಿಧಾನಗಳಿಗೆ ಹೆಚ್ಚು ವ್ಯತ್ಯಾಸವಿಲ್ಲ ಎಂದೇ ಅಧ್ಯಯನಗಳು ಹೇಳಿವೆ. ಯಂತ್ರದಲ್ಲಿ ಸಮಯ ಉಳಿಯುತ್ತದೆ, ದವಡೆ ಹಲ್ಲಿನ ಬೇರುಗಳು ಕವಲೊಡೆಯುವ ಕಡೆಗೆ ಸಪೂರ ಮೊನೆ ತಲುಪುತ್ತದೆ. ತುಂತುರಿಗೆ ದೊಡ್ಡ ಹೀರುಕೊಳವೆ ಹಿಡಿಯುವ ಸಹಾಯಕಿ ಇರಲೇಬೇಕು. ಯಂತ್ರದಿಂದ ಕಲ್ಲು ಒಡೆದು, ಕೊನೆಗೆ ಕ್ಯುರೆಟ್ಟಿನಿಂದ ಮುಟ್ಟಿ ನೋಡುವುದು ನನ್ನ ಪದ್ಧತಿ. ಅದನ್ನು ಕಲಿಸಿದ್ದು ನಿಮ್ಮ ಪೀಳಿಗೆಯ ಗುರುಗಳೇ.

ಕೋಲಾರದ ಶಿಕ್ಷಕ
ನಮ್ಮ ಕಡೆ ಕೊಳವೆಬಾವಿ ನೀರಿನ ಫ್ಲೋರೈಡಿನಿಂದ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಪಾಚಿ ಎಂದು ತಿಳಿದು ತಂದೆ ತಾಯಿ ಕ್ಲೀನ್ ಮಾಡಿಸಲು ಹಣ ಸುರಿಯುತ್ತಾರೆ. ಯಂತ್ರ ಹಾಕಿದರೆ ಹೋಗುತ್ತದೆಯೇ?

ದಾವಣಗೆರೆಯ ದಂತ ವೈದ್ಯೆ
ಹೋಗುವುದಿಲ್ಲ ಮೇಷ್ಟ್ರೇ. ಹಲ್ಲಿನ ಹೊರಪದರವಾದ ಎನಾಮೆಲ್ ರೂಪುಗೊಳ್ಳುವಾಗಲೇ ಆದ ದೋಷದಿಂದ ಆ ಬಣ್ಣ ಒಳಗೇ ಇಳಿದಿರುತ್ತದೆ, ಮೇಲೆ ಅಂಟಿದ್ದಲ್ಲ. ದಯವಿಟ್ಟು ಪೋಷಕರಿಗೆ ತಿಳಿಸಿ. ಅದಕ್ಕೆ ಚಿಕಿತ್ಸೆಯೇ ಬೇರೆ.

ಕುಂದಾಪುರದಿಂದ
ಆನ್‌ಲೈನಿನಲ್ಲಿ ಮನೆಬಳಕೆಯ ಅಲ್ಟ್ರಾಸಾನಿಕ್ ಸ್ಕೇಲರ್ ಅಗ್ಗಕ್ಕೆ ಸಿಗುತ್ತದೆ. ತರಿಸಿದ್ದೇನೆ, ಇನ್ನೂ ಬಳಸಿಲ್ಲ. ನನ್ನ ಅತ್ತೆಗೆ ಪೇಸ್‌ಮೇಕರ್ ಇದೆ, ಅವರಿಗೂ ಬಳಸಬಹುದೇ?

ಮೈಸೂರಿನ ನಿವೃತ್ತ ದಂತ ವೈದ್ಯ
ಬೇಡ ತಾಯಿ, ಪೆಟ್ಟಿಗೆ ಮುಚ್ಚಿಡಿ. ಅಂಥವುಗಳಲ್ಲಿ ಎಷ್ಟೋ ಯಂತ್ರಗಳಿಗೆ ನೀರಿನ ವ್ಯವಸ್ಥೆಯೇ ಇರುವುದಿಲ್ಲ. ಕನ್ನಡಿ ನೋಡಿಕೊಂಡು ಒಳಬದಿಯ ಹಲ್ಲಿಗೆ ಮೊನೆ ಹಿಡಿಯುವುದು ನನಗೇ ಆಗದ ಕೆಲಸ. ಅತ್ತೆಯವರ ವಿಷಯ: ಕಾಂತಕ್ಷೇತ್ರದಿಂದ ಕಂಪಿಸುವ ಸ್ಕೇಲರುಗಳು ಹಳೆಯ ಪೇಸ್‌ಮೇಕರುಗಳಿಗೆ ತೊಂದರೆ ಕೊಡಬಹುದೆಂಬ ಎಚ್ಚರಿಕೆ ಹಿಂದಿನಿಂದ ಇದೆ. ಸ್ಫಟಿಕದಿಂದ ಕಂಪಿಸುವ ಪೀಜೋ ಬಗೆಯದರಲ್ಲಿ ಆ ಭಯವಿಲ್ಲ. ಹೃದಯ ವೈದ್ಯರನ್ನು ಕೇಳಿ, ಪೇಸ್‌ಮೇಕರ್ ಕಾರ್ಡನ್ನು ದಂತ ವೈದ್ಯರಿಗೆ ತೋರಿಸಿಯೇ ಕುರ್ಚಿಯಲ್ಲಿ ಕೂರಿಸಿ.

ಜಯನಗರದ ಓದುಗ
ಹಿರಿಯರೇ, ಡಾಕ್ಟರೇ, ಇಷ್ಟು ವಿವರವಾಗಿ ಉತ್ತರಿಸಿದ್ದಕ್ಕೆ ಋಣಿ. ಆದರೂ ನನ್ನ ಪಟ್ಟು ಬಿಡುವುದಿಲ್ಲ: ಮೊನೆ ಸವೆದಿದೆಯೋ ಇಲ್ಲವೋ ಎಂದು ರೋಗಿ ನೋಡಿ ತಿಳಿಯುವ ದಾರಿಯಿಲ್ಲ. ಕೇಳಿದರೆ ಮುಖ ಗಂಟಿಕ್ಕುತ್ತಾರೆ.

ದಾವಣಗೆರೆಯ ದಂತ ವೈದ್ಯೆ
ಆದರೂ ಕೇಳಿ. ಸವೆತ ಅಳೆಯುವ ಪುಟ್ಟ ಕಾರ್ಡು ಇರುತ್ತದೆ, ಮೊನೆಯನ್ನು ಅದರ ಗೆರೆಗೆ ಹಿಡಿದು ತೋರಿಸಲು ಅರ್ಧ ನಿಮಿಷ ಸಾಕು.

ಸಾಗರದ ಮಗಳು
ಇದನ್ನೆಲ್ಲ ಅಪ್ಪಯ್ಯನಿಗೆ ಓದಿ ಹೇಳಿದೆ. ಗಾರೆಯ ಮಾತು ಕೇಳಿ ಸುಮ್ಮನೆ ಕುಳಿತರು, ಆಮೇಲೆ ಕನ್ನಡಿ ಕೇಳಿ ಪಡೆದು ಮತ್ತೆ ನೋಡಿಕೊಂಡರು. ಬೇರೆ ಡಾಕ್ಟರಾದರೆ ಬರುತ್ತೇನೆ ಎಂದಿದ್ದಾರೆ. ಕವಳ ಬಿಡುವ ಮಾತು ಮಾತ್ರ ಎತ್ತಬೇಡ ಎಂದರು. ಮಂಗಳವಾರ ಶಿವಮೊಗ್ಗಕ್ಕೆ ಹೊರಟಿದ್ದೇವೆ.

ದಾವಣಗೆರೆಯ ದಂತ ವೈದ್ಯೆ
ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ ಮಾಡಿಸಿ ಚೀಟಿ ತೆಗೆದುಕೊಂಡು ಹೋಗಿ. ಅಲ್ಲಾಡುವ ಎರಡು ಹಲ್ಲುಗಳನ್ನು ಪಕ್ಕದವುಗಳಿಗೆ ಸೇರಿಸಿ ಸಣ್ಣ ತಂತಿಯಿಂದ ಕಟ್ಟಲು ಆಗುತ್ತದೆಯೇ ಎಂದು ಕೇಳಿ. ಕವಳದ ಮಾತನ್ನು ನೀವು ಎತ್ತಬೇಡಿ, ಡಾಕ್ಟರಿಗೆ ಬಿಡಿ.