ಸಹಾಯ ಬೇಕು: ವ್ಯಾನ್ ಲಿಂಕ್ ಹೋದಾಗ ಶಾಖೆಯಲ್ಲಿ ಮಲ್ಟಿಕಾಸ್ಟ್ ನಿಲ್ಲುತ್ತಿದೆ

ಎಲ್ಲರಿಗೂ ನಮಸ್ಕಾರ.

ನಾನು ನೋಡಿಕೊಳ್ಳುವ ಶಾಖಾ ಕಚೇರಿಯಲ್ಲಿ ಎರಡು ರೂಟರ್‌ಗಳಿದ್ದು, ಪ್ರತಿಯೊಂದಕ್ಕೂ ಬೇರೆ ವ್ಯಾನ್ (ದೂರದ ಕಚೇರಿಗಳನ್ನು ಜೋಡಿಸುವ ಜಾಲ) ಲಿಂಕ್ ಇದೆ. ಲ್ಯಾನ್ (ಕಚೇರಿಯೊಳಗಿನ ಜಾಲ) ಕಡೆ ಎಚ್‌ಎಸ್‌ಆರ್‌ಪಿ (ಒಂದು ರೂಟರ್ ಕೈಕೊಟ್ಟರೆ ಇನ್ನೊಂದು ಅದರ ಜಾಗಕ್ಕೆ ಬರುವ ವ್ಯವಸ್ಥೆ), ಜೊತೆಗೆ ಒಎಸ್‌ಪಿಎಫ್ (ರೂಟರ್‌ಗಳು ದಾರಿ ಕಂಡುಕೊಳ್ಳುವ ಪ್ರೋಟೋಕಾಲ್) ಮತ್ತು ಪಿಐಎಂ ಸ್ಪಾರ್ಸ್ ಮೋಡ್ (ಕೇಳಿದ ಕಡೆಗಷ್ಟೇ ಮಲ್ಟಿಕಾಸ್ಟ್ ಕಳಿಸುವ ಪ್ರೋಟೋಕಾಲ್) ಇವೆ. ಆರ್‌ಪಿ (ಮಲ್ಟಿಕಾಸ್ಟ್ ಕಳಿಸುವವರೂ ಕೇಳುವವರೂ ಸಂಧಿಸುವ ರೂಟರ್) ಇರುವುದು ಕೇಂದ್ರ ಕಚೇರಿಯಲ್ಲಿ. ಮೊದಲ ರೂಟರಿನ ವ್ಯಾನ್ ಕೇಬಲ್ ಕಿತ್ತು ಪರೀಕ್ಷಿಸಿದಾಗ ಎಚ್‌ಎಸ್‌ಆರ್‌ಪಿ ಕೆಲವೇ ಸೆಕೆಂಡುಗಳಲ್ಲಿ ಎರಡನೆಯದಕ್ಕೆ ಹೊರಳಿ, ಮೇಲ್, ಫೋನ್ ಎಲ್ಲವೂ ನಡೆಯುತ್ತವೆ, 239.10.10.5 ಗುಂಪಿನ ತರಬೇತಿ ವಿಡಿಯೊ (ಒಂದೇ ಪ್ರವಾಹ ಹಲವು ಕಂಪ್ಯೂಟರ್‌ಗಳಿಗೆ ಒಟ್ಟಿಗೆ ಹೋಗುವ ಮಲ್ಟಿಕಾಸ್ಟ್) ಮಾತ್ರ ನಿಂತೇ ಹೋಗುತ್ತದೆ.

ನನಗೆ ತಿಳಿದ ಮಟ್ಟಿಗೆ, ಪಿಐಎಂನ ಡಿಆರ್ (ಲ್ಯಾನಿನ ಪರವಾಗಿ ಮಲ್ಟಿಕಾಸ್ಟ್ ಕೇಳುವ ನಿಯೋಜಿತ ರೂಟರ್) ಆಯ್ಕೆಗೂ ಎಚ್‌ಎಸ್‌ಆರ್‌ಪಿಗೂ ಸಂಬಂಧವಿಲ್ಲ. ಮೊದಲ ರೂಟರಿನ ಪಿಐಎಂ ಹಲೋಗಳು ('ನಾನಿದ್ದೇನೆ' ಎನ್ನುವ ಸಂದೇಶಗಳು) ಲ್ಯಾನಿನಲ್ಲಿ 30 ಸೆಕೆಂಡಿಗೊಮ್ಮೆ ಬರುತ್ತಲೇ ಇರುವುದರಿಂದ ಅದೇ ಡಿಆರ್ ಆಗಿ ಉಳಿಯುತ್ತದೆ, ಆದರೆ ಆರ್‌ಪಿಯತ್ತ ಅದರ ದಾರಿ ಈಗ ಎರಡನೆಯ ರೂಟರಿನ ಮೂಲಕ, ಅಂದರೆ ವಿಡಿಯೊ ನೋಡುವ ಕಂಪ್ಯೂಟರ್‌ಗಳಿರುವ ಅದೇ ಲ್ಯಾನಿನಿಂದಲೇ ಹೋಗುತ್ತದೆ. ಒಳಬರುವ ಇಂಟರ್‌ಫೇಸೇ ಹೊರಹೋಗುವ ಇಂಟರ್‌ಫೇಸೂ ಆಗುವಂತಿಲ್ಲವಾದ್ದರಿಂದ ಎಂರೂಟ್ (ಮಲ್ಟಿಕಾಸ್ಟ್ ದಾರಿಗಳ) ಪಟ್ಟಿಯಲ್ಲಿ ಹೊರಹೋಗುವ ಸಾಲು 'ನಲ್' (ಖಾಲಿ) ಎಂದು ತೋರಿಸುತ್ತದೆ. ಹಾಗಾಗಿ ವಿಡಿಯೊ ಕೇಳುವ 'ಜಾಯಿನ್' ಸಂದೇಶ ಆರ್‌ಪಿಯತ್ತ ಮುಂದಕ್ಕೆ ಹೋಗುವುದೇ ಇಲ್ಲ. (ಆ ರೂಟರನ್ನು ಪೂರ್ತಿ ಆಫ್ ಮಾಡಿದರೆ 105 ಸೆಕೆಂಡುಗಳ ಹೋಲ್ಡ್ ಟೈಮ್ (ಹಲೋಗಾಗಿ ಕಾಯುವ ಅವಧಿ) ಕಳೆದ ಮೇಲೆ ಎರಡನೆಯದು ಡಿಆರ್ ಆಗಿ ವಿಡಿಯೊ ತಾನಾಗಿ ಬರುತ್ತದೆ!)

ಎಚ್‌ಎಸ್‌ಆರ್‌ಪಿಯಲ್ಲಿ ಸಕ್ರಿಯವಾದ ರೂಟರೇ ಡಿಆರ್ ಆಗುವಂತೆ 'ಐಪಿ ಪಿಮ್ ರಿಡಂಡೆನ್ಸಿ' ಆಜ್ಞೆ ಕೊಡುವುದು ಒಂದು ದಾರಿ. ಲ್ಯಾನನ್ನು ಒಎಸ್‌ಪಿಎಫ್‌ನಲ್ಲಿ ಪ್ಯಾಸಿವ್ ಮಾಡಿ (ಅಲ್ಲಿ ರೂಟರ್‌ಗಳು ಒಎಸ್‌ಪಿಎಫ್ ಮಾತಾಡದಂತೆ), ಎರಡು ರೂಟರ್‌ಗಳ ನಡುವೆ ಪ್ರತ್ಯೇಕ ವಿಲ್ಯಾನ್ (ವರ್ಚುವಲ್ ಲ್ಯಾನ್) ಕೊಟ್ಟು ಒಎಸ್‌ಪಿಎಫ್, ಪಿಐಎಂ ಎರಡನ್ನೂ ಅದರ ಮೇಲೆ ನಡೆಸುವುದು ಇನ್ನೊಂದು. ನನ್ನ ಒಲವು ಇದರತ್ತ, ಏಕೆಂದರೆ ಆರ್‌ಪಿಯತ್ತ ದಾರಿ ಆ ವಿಲ್ಯಾನ್ ಮೂಲಕ ಹೋಗುವುದರಿಂದ ಡಿಆರ್ ಬದಲಾಗಬೇಕಾದ ಅಗತ್ಯವೇ ಇರುವುದಿಲ್ಲ. ಇವುಗಳಲ್ಲಿ ಯಾವುದನ್ನಾದರೂ ನಿಜವಾದ ಶಾಖೆಯಲ್ಲಿ ಅಳವಡಿಸಿದವರು, ವಿಡಿಯೊ ಎಷ್ಟು ಸೆಕೆಂಡು ಕಡಿದುಹೋಯಿತು ಮತ್ತು ಲಿಂಕ್ ಮರಳಿದಾಗ ಏನಾಯಿತು ಎಂಬುದನ್ನು ದಯವಿಟ್ಟು ತಿಳಿಸಬೇಕಾಗಿ ವಿನಂತಿ.