ಹೀಥ್ರೋದಲ್ಲಿ ಇಳಿದು ಗ್ಯಾಟ್ವಿಕ್‌ನಲ್ಲಿ ಹತ್ತಬೇಕು, ನಾಲ್ಕು ಗಂಟೆ ಸಾಕಾ?

ಬೆಣ್ಣೆದೋಸೆ: ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಮೇಲೆ ನಾನು, ನಮ್ಮಮ್ಮ ಬೆಂಗಳೂರಿಂದ ಹೊರಟು ಮಧ್ಯಾಹ್ನ 1:15ಕ್ಕೆ ಲಂಡನ್ನಿನ ಹೀಥ್ರೋ ಏರ್‌ಪೋರ್ಟಿನ ಟರ್ಮಿನಲ್ 5ರಲ್ಲಿ ಇಳಿಯುತ್ತೇವೆ. ಸಂಜೆ 5:20ಕ್ಕೆ ಲಂಡನ್ನಿನದೇ ಇನ್ನೊಂದು ಏರ್‌ಪೋರ್ಟ್ ಗ್ಯಾಟ್ವಿಕ್‌ನಿಂದ ಸ್ಪೇನಿನ ಮಲಗಾಕ್ಕೆ ವಿಮಾನ. ಟಿಕೆಟ್ ಬೇರೆ ಬೇರೆ. ಮ್ಯಾಪ್ ಒಂದು ಗಂಟೆ ದಾರಿ ಅನ್ನುತ್ತೆ. ಓಡಾಡಿದವರು ಹೇಳಿ.

ಸ್ಲೌ ಅಣ್ಣ: ಮ್ಯಾಪ್ ಹೇಳೋದು ರಸ್ತೆ ಖಾಲಿ ಇದ್ದಾಗಿನ ಮಾತು. ದೂರ ಸುಮಾರು 65 ಕಿ.ಮೀ., ಮುಕ್ಕಾಲು ಪಾಲು ಲಂಡನ್ ಸುತ್ತೋ ಎಂ25 ಹೆದ್ದಾರಿ ಮೇಲೆ. ನಮ್ಮ ಔಟರ್ ರಿಂಗ್ ರೋಡಿನ ದೊಡ್ಡಣ್ಣ ಅಂದ್ಕೊಳ್ಳಿ, ಸ್ವಭಾವವೂ ಅದೇ. ನನಗೂ ಹೀಗೇ ನಾಲ್ಕೂವರೆ ಗಂಟೆ ಇತ್ತು. ಇಮಿಗ್ರೇಷನ್ ಸಾಲಲ್ಲೇ ಒಂದು ಗಂಟೆ ಹೋಯ್ತು, ಬ್ಯಾಗಿಗೆ ಅರ್ಧ ಗಂಟೆ. ಕೋಚ್ (ಏರ್‌ಪೋರ್ಟ್ ಬಸ್ಸು) ಹತ್ತಿದ ಮೇಲೆ ಮುಂದೆಲ್ಲೋ ಲಾರಿ ಅಡ್ಡ ಬಿದ್ದಿತ್ತಂತೆ. ಡ್ರೈವರ್ ಇಂಜಿನ್ ಆಫ್ ಮಾಡಿ ಸೀಟಿಗೆ ಒರಗಿಕೊಂಡ ನೋಡಿ, ಆಗ ನನ್ನ ಎದೆ ಧಸಕ್ಕಂತು. ಗ್ಯಾಟ್ವಿಕ್ ಮುಟ್ಟಿದಾಗ ವಿಮಾನ ಇನ್ನೂ ನಿಂತಿತ್ತು, ಆದರೆ ಬ್ಯಾಗ್ ಕೌಂಟರ್ ಮುಚ್ಚಿ ಹತ್ತು ನಿಮಿಷ ಆಗಿತ್ತು. ಬೇರೆ ಟಿಕೆಟ್ ಆದ್ದರಿಂದ ಯಾರೂ ಹೊಣೆ ಅಲ್ಲ, ಹೊಸ ಟಿಕೆಟ್ಟೇ ಗತಿ.

ನಿಮ್ಮದನ್ನೇ ಲೆಕ್ಕ ಹಾಕಿ. ಹೊರಗೆ ಬರೋಷ್ಟರಲ್ಲಿ 2:45. ಕೋಚ್‌ಗೆ ಕಾದು, ಹೋಗಿ ಇಳಿಯೋಷ್ಟರಲ್ಲಿ 4:20. ಕೌಂಟರಿನವರು ಬ್ಯಾಗ್ ತಗೊಳ್ಳೋದನ್ನ ಸಾಮಾನ್ಯವಾಗಿ ವಿಮಾನ ಹೊರಡೋ 40ರಿಂದ 60 ನಿಮಿಷ ಮುಂಚೆ ನಿಲ್ಲಿಸ್ತಾರೆ. ಉಳಿದಿದ್ದೆಷ್ಟು?

ಕ್ರಾಯ್ಡನ್ ಅಕ್ಕ: ಅಣ್ಣ ಹೇಳಿದ್ದು ಸರಿ, ಆದರೆ ರಸ್ತೆಯನ್ನೇ ಯಾಕೆ ನಂಬಬೇಕು? ಹೀಥ್ರೋದಿಂದ ಎಲಿಜಬೆತ್ ಲೈನ್ ರೈಲು ಹಿಡಿದು ಫ್ಯಾರಿಂಗ್ಡನ್‌ನಲ್ಲಿ ಇಳಿಯಿರಿ, ಅಲ್ಲೇ ಥೇಮ್ಸ್‌ಲಿಂಕ್ ರೈಲು ಹತ್ತಿದರೆ ನೇರ ಗ್ಯಾಟ್ವಿಕ್. 2022ರ ನವೆಂಬರಿಂದ ನಡುವೆ ಪ್ಯಾಡಿಂಗ್ಟನ್‌ನಲ್ಲಿ ಇಳಿದು ಹತ್ತೋ ಕಾಟವೂ ಇಲ್ಲ. ಒಟ್ಟು ಒಂದೂಮುಕ್ಕಾಲು ಗಂಟೆ ಹಿಡಿಯಿರಿ. ಕೋಚ್‌ಗಿಂತ ಬೇಗ ಅಲ್ಲ, ಆದರೆ ಎಂ25 ಜಾಮ್‌ಗೂ ಇದಕ್ಕೂ ಸಂಬಂಧವಿಲ್ಲ. ಫ್ಯಾರಿಂಗ್ಡನ್‌ನಲ್ಲಿ ಲಿಫ್ಟ್ ಇದೆ, ಅಮ್ಮ ಮೆಟ್ಟಿಲು ಹತ್ತಬೇಕಿಲ್ಲ. ಗ್ಯಾಟ್ವಿಕ್ ಸ್ಟೇಷನ್ ಇರೋದು ಸೌತ್ ಟರ್ಮಿನಲ್‌ನಲ್ಲಿ. ನಿಮ್ಮದು ನಾರ್ತ್ ಆದರೆ ಪುಕ್ಕಟೆ ಶಟಲ್ ಇದೆ. ಆದರೂ ನಾಲ್ಕು ಗಂಟೆ ಸಾಲದು, ಆರಾದರೂ ಇರಲಿ.

ಹಾಸನದ ಹುಡುಗ: ಎಲ್ಲರೂ ದಾರಿ ಹೇಳ್ತಿದ್ದೀರಿ, ವೀಸಾ ಕೇಳಿದ್ರಾ? ಏರ್‌ಪೋರ್ಟ್ ಬದಲಾಯಿಸೋದು ಅಂದ್ರೆ ಬ್ರಿಟನ್ ಒಳಗೆ ಕಾಲಿಟ್ಟ ಹಾಗೇ. ಪ್ರವಾಸಕ್ಕೆ ಕೊಡೋ ಷೆಂಗೆನ್ ವೀಸಾ (ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅಲ್ಲಿ ನಡೆಯಲ್ಲ. ಏರ್‌ಪೋರ್ಟ್ ಒಳಗೇ ಇರೋರಿಗೆ ಕೊಡೋ ಟ್ರಾನ್ಸಿಟ್ ವೀಸಾನೂ ಸಾಲದು, ಗಡಿ ದಾಟಿ ಹೋಗೋ ಟ್ರಾನ್ಸಿಟ್ ವೀಸಾನೇ ಬೇಕು. ಇಲ್ಲದಿದ್ದರೆ ದೇವನಹಳ್ಳಿಯಲ್ಲೇ ತಡೀತಾರೆ.

ಬೆಣ್ಣೆದೋಸೆ: ಅಯ್ಯೋ, ನಮ್ಮಿಬ್ಬರ ಹತ್ರ ಷೆಂಗೆನ್ ಮಾತ್ರ ಇರೋದು!

ಹಾಸನದ ಹುಡುಗ: ಹಾಗಿದ್ರೆ ಲಂಡನ್ನೇ ಬಿಡಿ. ಬೆಂಗಳೂರಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇದೆ, ಅಲ್ಲಿಂದ ಮಲಗಾಗೆ ಒಂದೇ ಟಿಕೆಟ್‌ನಲ್ಲಿ ತಗೊಳ್ಳಿ. ಮೊದಲ ವಿಮಾನ ತಡವಾಗಿ ಎರಡನೇದು ತಪ್ಪಿದ್ರೆ ಮುಂದಿನ ವಿಮಾನಕ್ಕೆ ಹತ್ತಿಸೋದು ವಿಮಾನ ಕಂಪನಿಯವರ ಜವಾಬ್ದಾರಿ.

ಬೆಣ್ಣೆದೋಸೆ: ನೋಡಿದೆ, ಇಬ್ಬರಿಗೂ ಸೇರಿ ಹದಿನೆಂಟು ಸಾವಿರ ಜಾಸ್ತಿ. ಮಲಗಾ ಟಿಕೆಟ್ ದುಡ್ಡು ವಾಪಸ್ ಬರಲ್ಲ. ಅಮ್ಮಂಗೆ ಇನ್ನೂ ಹೇಳಿಲ್ಲ.